ರೈಲಿನಲ್ಲಿ ಬಂದ ಮನೆ

ಗಡಿಯಾರವನ್ನು ಅಂಚೆಯ ಮೂಲಕ ತರಿಸಿಕೊಳ್ಳಬಹುದು. ಹೊಲಿಗೆಯ ಯಂತ್ರವನ್ನು ತರಿಸಿಕೊಳ್ಳಬಹುದು. ಬೆಲೆಪಟ್ಟಿಯಲ್ಲಿ ಬೇಕಾದುದನ್ನು ಆರಿಸಿ, ವಿಳಾಸ ಬರೆದು, ಹಣ ಕಳುಹಿಸಿದರೆ ತೀರಿತು. ಆದರೆ ಮನೆಯನ್ನು? ಬಾಗಿಲು ಕಿಟಕಿಗಳೊಡನೆ, ಮೆಟ್ಟಿಲು ಮಾಡುಗಳೊಡನೆ, ಕೊನೆಗೆ ಬಳಿಯಬೇಕಾದ ಬಣ್ಣದ ಡಬ್ಬಿಗಳೊಡನೆ ಒಂದು ಇಡೀ ಮನೆಯನ್ನು ಕಾಗದ ಬರೆದು ತರಿಸಿಕೊಳ್ಳುವುದುಂಟೆ?

ಉಂಟು ಎಂದು ಅಮೆರಿಕದ ಷಿಕಾಗೋ ನಗರದ ಸಿಯರ್ಸ್ ರೋಬಕ್ ಎಂಬ ವ್ಯಾಪಾರ ಸಂಸ್ಥೆ 1908ರಲ್ಲಿ ಸಾರಿತು. ಅದರ ಮಾತನ್ನು ನಂಬಿ, 1940ರವರೆಗಿನ ಮೂವತ್ತೆರಡು ವರ್ಷಗಳಲ್ಲಿ ಸುಮಾರು 70,000 ಸಂಸಾರಗಳು ಹಾಗೆ ಮನೆ ತರಿಸಿಕೊಂಡವು. ಮನೆ ಬಂದುದು ರೈಲಿನಲ್ಲಿ, ಸಾವಿರಾರು ತುಂಡುಗಳಾಗಿ. ಅದನ್ನು ಕೂಡಿಸಿ ನಿಲ್ಲಿಸಿದವರಲ್ಲಿ ಎಷ್ಟೋ ಮಂದಿ ಅದಕ್ಕೆ ಮುಂಚೆ ಬಡಗಿಯ ಕೆಲಸವನ್ನು ಮಾಡಿದವರೇ ಅಲ್ಲ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಎಚ್ಚರಿಸಿದುದು ಸುಮ್ಮನೆ ಅಲ್ಲ. ಎರಡರಲ್ಲಿಯೂ ಮೊದಲು ಹಾಕಿಕೊಂಡ ಲೆಕ್ಕ ಒಂದು, ಕೊನೆಗೆ ಕೈಬಿಟ್ಟುಹೋಗುವ ಹಣ ಇನ್ನೊಂದು. ಆದುದರಿಂದಲೇ, ಕಾರ್ಖಾನೆಯಲ್ಲಿ ಸಿದ್ಧಪಡಿಸಿದ ಗೋಡೆ ಚಾವಣಿಗಳನ್ನು ತಂದು ಕೆಲವೇ ವಾರಗಳಲ್ಲಿ ಮನೆ ನಿಲ್ಲಿಸಿಕೊಡುತ್ತೇವೆಂಬ ಜಾಹೀರಾತುಗಳು ಇಂದು ನಮ್ಮ ನಗರಗಳಲ್ಲಿ ಕಾಣಿಸಿಕೊಂಡಾಗ ಮಧ್ಯಮ ವರ್ಗದ ಗೃಹಸ್ಥನ ಕಣ್ಣು ಅತ್ತ ಹೊರಳುವುದು ಸಹಜ. ಆ ಜಾಹೀರಾತನ್ನು ಎರಡನೆಯ ಸಲ ಓದುವ ಮುಂಚೆ ಅಮೆರಿಕದ ಈ ಹಳೆಯ ಕಥೆಯನ್ನು ಕೇಳುವುದು ಲಾಭಕರ. ಇಂಥ ಮನೆಯ ಅಗ್ಗದ ಬೆಲೆ ಎಲ್ಲಿಂದ ಬರುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದೆರಡನ್ನೂ ಅದು ಸ್ಪಷ್ಟವಾಗಿ ತೋರಿಸುತ್ತದೆ.

ನಷ್ಟದಿಂದ ಹುಟ್ಟಿದ ಯೋಚನೆ

ಸಿಯರ್ಸ್ ಸಂಸ್ಥೆ ಮನೆ ಮಾರಲು ಹೊರಟುದು ಲೋಕೋಪಕಾರಕ್ಕಾಗಿ ಅಲ್ಲ, ನಷ್ಟವನ್ನು ತಪ್ಪಿಸಿಕೊಳ್ಳಲು. ಮರದ ಹಲಗೆ, ಬಾಗಿಲು, ಕಿಟಕಿ, ಬೀಗ, ಕೀಲು ಮುಂತಾದ ಕಟ್ಟಡದ ಸಾಮಾನುಗಳನ್ನು ಅದು ಮೊದಲಿನಿಂದಲೂ ಬೆಲೆಪಟ್ಟಿಯ ಮೂಲಕ ಮಾರುತ್ತಿತ್ತು. ಆ ವಿಭಾಗದಲ್ಲಿ ಲಾಭವಿರಲಿಲ್ಲ. ದೊಡ್ಡ ಸಾಮಾನು, ಉಗ್ರಾಣದಲ್ಲಿ ಬಿದ್ದಿದ್ದಷ್ಟು ದಿನವೂ ಖರ್ಚು. 1906ರಲ್ಲಿ ಪಿಂಗಾಣಿ ವಿಭಾಗದ ಮುಖ್ಯಸ್ಥನಾಗಿದ್ದ ಫ್ರಾಂಕ್ ಕುಷೆಲ್ ಎಂಬಾತನನ್ನು ಕರೆದು, ಈ ವಿಭಾಗವನ್ನು ಮುಚ್ಚುವ ಏರ್ಪಾಡು ಮಾಡೆಂದು ಒಪ್ಪಿಸಿದರು. ಆತ ಲೆಕ್ಕಪತ್ರಗಳನ್ನು ನೋಡಿ ಬೇರೊಂದು ಸಲಹೆ ಕೊಟ್ಟ. ಸಾಮಾನನ್ನು ಉಗ್ರಾಣಕ್ಕೆ ತರುವುದೇಕೆ? ತಯಾರಾಗುವ ಸ್ಥಳದಿಂದಲೇ ನೇರವಾಗಿ ಗಿರಾಕಿಗೆ ಕಳುಹಿಸಿದರೆ ಉಗ್ರಾಣದ ಖರ್ಚೇ ಉಳಿಯುತ್ತದಲ್ಲ! ಹೇಗೂ ಮನೆಗೆ ಬೇಕಾದುದೆಲ್ಲವನ್ನೂ ಮಾರುತ್ತಿರುವಾಗ, ಮನೆಯ ನಕ್ಷೆಯನ್ನೂ ಸೇರಿಸಿ ಇಡೀ ಮನೆಯನ್ನೇ ಏಕೆ ಮಾರಬಾರದು?

1908ರಲ್ಲಿ ಮನೆಗಳ ಮೊದಲ ಬೆಲೆಪಟ್ಟಿ ಹೊರಬಂದಿತು. ಅದರಲ್ಲಿದ್ದ ಮನೆಗಳ ಬೆಲೆ 650 ಡಾಲರಿನಿಂದ 2,500 ಡಾಲರಿನವರೆಗೆ. 1914ರಲ್ಲಿ ಹೆನ್ರಿ ಫೋರ್ಡ್ ತನ್ನ ಕಾರಿನ ಕಾರ್ಖಾನೆಯ ಕೆಲಸಗಾರರಿಗೆ ದಿನಕ್ಕೆ 5 ಡಾಲರು ಕೊಡುತ್ತೇನೆಂದಾಗ ದೇಶಕ್ಕೆ ದೇಶವೇ ಹುಬ್ಬೇರಿಸಿತು. ಆ ಲೆಕ್ಕದಲ್ಲಿ ಅತ್ಯಂತ ಅಗ್ಗದ ಮನೆಯ ಸಾಮಾನಿನ ಬೆಲೆ 130 ದಿನಗಳ ಕೂಲಿ. ಇದು ಸಾಮಾನಿನ ಬೆಲೆ ಮಾತ್ರ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದರ ವಿಷಯ ಬರುತ್ತದೆ.

ಆದರೆ ಮರವನ್ನು ಮೊದಲೇ ಅಳತೆಗೆ ಕತ್ತರಿಸಿ ಕಳುಹಿಸುವ ಯುಕ್ತಿ ಸಿಯರ್ಸಿನವರದಲ್ಲ. ಮಿಷಿಗನ್ ಸಂಸ್ಥಾನದ ಬೇ ಸಿಟಿ ಎಂಬ ಊರಿನಲ್ಲಿ ಸಾವರಿನ್ ಎಂಬ ಮನೆತನದ ಇಬ್ಬರು ಅಣ್ಣತಮ್ಮಂದಿರು 1906ರಲ್ಲಿಯೇ ಅದನ್ನು ಆರಂಭಿಸಿದ್ದರು. ಅದೇ ಊರಿನಲ್ಲಿ ದೋಣಿಗಳ ಹಲಗೆಗಳನ್ನು ಕತ್ತರಿಸಿ ಕಟ್ಟಿ, ಮನೆಯಲ್ಲಿಯೇ ಜೋಡಿಸಿಕೊಳ್ಳಿರೆಂದು ಅಂಚೆಯ ಗಿರಾಕಿಗಳಿಗೆ ಕಳುಹಿಸುವ ವ್ಯಾಪಾರವಿತ್ತು. ದೋಣಿಯನ್ನು ಹೀಗೆ ಕಳುಹಿಸಬಹುದಾದರೆ ಮನೆಯನ್ನೇಕೆ ಕಳುಹಿಸಬಾರದೆಂದು ಸೋದರರು ಯೋಚಿಸಿದರು. ತಮ್ಮ ಸಂಸ್ಥೆಗೆ ಅವರು ಇಟ್ಟ ಹೆಸರು ಅಲಾದ್ದೀನ್. ಅದ್ಭುತ ದೀಪವನ್ನು ಉಜ್ಜಿ ಒಂದೇ ರಾತ್ರಿಯಲ್ಲಿ ಅರಮನೆ ಎಬ್ಬಿಸಿದ ಆ ಹುಡುಗನ ಕಥೆಯನ್ನು ಅರಿಯದವರು ಯಾರು? ತಾವು ಕಳುಹಿಸುವ ಮರದಲ್ಲಿ ಗಂಟು ಕಂಡರೆ ಗಂಟೊಂದಕ್ಕೆ ಒಂದು ಡಾಲರು ಕೊಡುತ್ತೇವೆಂದು ಅವರು ಸಾರಿ, ಜನರ ನಂಬಿಕೆಯನ್ನು ಗಳಿಸಿದರು. ಸುಮಾರು 1914ರ ಅನಂತರ ಸಿಯರ್ಸ್ ಸಂಸ್ಥೆಯೂ ಅದೇ ದಾರಿ ಹಿಡಿದು, ಕತ್ತರಿಸಿದ ಮರವನ್ನು ಕಳುಹಿಸತೊಡಗಿತು.

ಬೋಗಿಯೊಳಗೆ ಏನಿತ್ತು?

ಬೆಲೆಪಟ್ಟಿಯನ್ನು ನೋಡಿ ಮೆಚ್ಚಿದವನು ಒಂದು ಡಾಲರು ಕಳುಹಿಸಿದರೆ ಆ ಮನೆಯ ಪೂರ್ಣ ನಕ್ಷೆಯೂ ಸಾಮಾನುಗಳ ಪಟ್ಟಿಯೂ ಬರುತ್ತಿದ್ದವು. ಮನೆಯನ್ನು ಕೊಂಡರೆ ಆ ಡಾಲರನ್ನು ಬೆಲೆಯಲ್ಲಿ ಕಳೆಯುತ್ತಿದ್ದರು. ಮನೆ ಕೊಳ್ಳುವವನು ಮೊದಲು ಓದಬೇಕಾದುದು ಸಾಮಾನುಗಳ ಪಟ್ಟಿ ಎಂಬುದನ್ನು ಆ ವ್ಯಾಪಾರಿಗಳು ಚೆನ್ನಾಗಿ ಅರಿತಿದ್ದರು.

ಆಮೇಲೆ ಒಂದು ದಿನ ರೈಲ್ವೆ ಸ್ಟೇಷನ್ನಿನಿಂದ ಕರೆ ಬರುತ್ತಿತ್ತು. ಒಂದು ಮನೆಯಲ್ಲಿ ಸುಮಾರು 30,000 ತುಂಡುಗಳು. ಸಾಮಾನ್ಯವಾಗಿ ಎರಡು ಬೋಗಿಗಳ ತುಂಬ. ಮೊಳೆಗಳೇ 750 ಪೌಂಡು. ಬಣ್ಣ ಮತ್ತು ವಾರ್ನಿಷು 27 ಗ್ಯಾಲನ್. ಕಂಬ, ತೊಲೆ, ಜಂತೆ, ನೆಲದ ಹಲಗೆ, ಬಾಗಿಲವಾಡ, ಗಾಜು ಕೂಡಿಸಿದ ಕಿಟಕಿ, ಮೆಟ್ಟಿಲಿನ ಕೈಪಿಡಿ, ಅಗುಳಿ, ಚಿಲಕ, ಎಲ್ಲವೂ ಅದರಲ್ಲಿದ್ದವು. ಮುಖ್ಯವಾದ ಪ್ರತಿಯೊಂದು ಮರದ ತುದಿಯ ಮೇಲೆ ಒಂದು ಅಕ್ಷರವನ್ನೂ ಸಂಖ್ಯೆಯನ್ನೂ ಒತ್ತಿರುತ್ತಿದ್ದರು. ಜೊತೆಗೆ ಸುಮಾರು 75 ಪುಟಗಳ ಒಂದು ಪುಸ್ತಕ: ಇಂಥ ಸಂಖ್ಯೆಯ ಮರ ಇಂಥ ಜಾಗಕ್ಕೆ, ಅದಕ್ಕೆ ಇಂಥ ಮೊಳೆ, ಇಷ್ಟು ಅಂತರಕ್ಕೆ ಒಂದು. ಪುಸ್ತಕದಲ್ಲಿ ಹೇಳಿದ ಕ್ರಮವನ್ನು ಬಿಟ್ಟು ಬುದ್ಧಿವಂತಿಕೆ ತೋರಿಸಹೋದರೆ ಕೆಲಸ ಕೆಡುವುದೆಂದೇ ಅರ್ಥ.

ಬೋಗಿಯನ್ನು ಬೇಗನೆ ಬರಿದು ಮಾಡಬೇಕು. ತಡವಾದರೆ ರೈಲ್ವೆಯವರು ದಂಡ ಹಾಕುತ್ತಾರೆ. ಆದುದರಿಂದ ಮನೆ ಕಟ್ಟುವ ಕೆಲಸ ಆರಂಭವಾಗುತ್ತಿದ್ದುದೇ ನೆರೆಹೊರೆಯವರ ಗಾಡಿಗಳನ್ನು ಕೇಳಿ ತರುವುದರಿಂದ. ಸ್ಟೇಷನ್ನಿನಿಂದ ನಿವೇಶನಕ್ಕೆ ಹತ್ತಾರು ಸಲ ಓಡಾಟ. ಬಂದ ಮರವನ್ನು ಸಂಖ್ಯೆಯ ಕ್ರಮದಲ್ಲಿ ಬೇರೆ ಬೇರೆ ರಾಶಿ ಮಾಡುವ ಕೆಲಸ. ಮಳೆ ಬಂದರೆ ಮುಚ್ಚುವ ಕೆಲಸ. ಮನೆಮಂದಿಯೆಲ್ಲ ಅದಕ್ಕೆ ಕೈಹಾಕದೆ ವಿಧಿಯಿರಲಿಲ್ಲ. ಕೊಂಡವರೆಲ್ಲರೂ ತಾವೇ ಕಟ್ಟಿದರೆಂದೇನೂ ಅಲ್ಲ. ಕೆಲವರು ಊರಿನ ಬಡಗಿಯನ್ನು ಕರೆದರು. ಕೆಲವರು ಕಷ್ಟದ ಭಾಗವನ್ನು ಅವನಿಗೆ ಬಿಟ್ಟು, ಸುಲಭದ ಭಾಗವನ್ನು ತಾವು ಮಾಡಿಕೊಂಡರು. ಹಣವಿಲ್ಲದವರು ಬಂಧುಗಳನ್ನೂ ಸ್ನೇಹಿತರನ್ನೂ ಕೂಡಿಸಿಕೊಂಡು, ದುಡಿಮೆಯ ದಿನ ಮುಗಿದ ಮೇಲೆ ಸಂಜೆಯ ಬೆಳಕಿನಲ್ಲಿ ಸುತ್ತಿಗೆ ಹಿಡಿದರು.

ಅಗ್ಗವಾದುದು ಹೇಗೆ?

ಇದರಲ್ಲಿ ಮಂತ್ರವೇನೂ ಇಲ್ಲ. ಹಿಂದಿನ ಕಾಲದ ಮರದ ಮನೆಗೆ ದಪ್ಪ ದಪ್ಪ ತೊಲೆಗಳು ಬೇಕಾಗಿದ್ದವು. ಒಂದು ತೊಲೆಯಲ್ಲಿ ತೂತು ಕೊರೆದು, ಇನ್ನೊಂದರ ಮೂತಿಯನ್ನು ಅದಕ್ಕೆ ಸರಿಯಾಗಿ ಕೆತ್ತಿ ಕೂಡಿಸಲು ನುರಿತ ಬಡಗಿಯೇ ಆಗಬೇಕು. ಅದನ್ನು ಎತ್ತಿ ನಿಲ್ಲಿಸಲು ಹತ್ತು ಆಳು ಬೇಕು. ಹತ್ತೊಂಬತ್ತನೆಯ ಶತಮಾನದ ಮೂವತ್ತರ ದಶಕದಲ್ಲಿ ಷಿಕಾಗೋ ಪ್ರದೇಶದಲ್ಲಿ ಹೊಸ ಪದ್ಧತಿ ಬಳಕೆಗೆ ಬಂದಿತು. ಎರಡಂಗುಲ ದಪ್ಪ, ನಾಲ್ಕಂಗುಲ ಅಗಲದ ಹಗುರವಾದ ಮರಗಳನ್ನು ಹದಿನಾರು ಅಂಗುಲಕ್ಕೊಂದರಂತೆ ಒತ್ತಾಗಿ ನಿಲ್ಲಿಸಿ, ಯಂತ್ರದಲ್ಲಿ ತಯಾರಾದ ಮೊಳೆ ಹೊಡೆದರೆ ಗೋಡೆಯ ಚೌಕಟ್ಟು ಸಿದ್ಧ. ಭಾರವನ್ನು ಒಂದೆರಡು ತೊಲೆಗಳು ಹೊರುವ ಬದಲು ನೂರಾರು ಕಡ್ಡಿಗಳು ಹಂಚಿಕೊಂಡು ಹೊರುತ್ತವೆ. ಇಬ್ಬರು ಮನುಷ್ಯರು ಎತ್ತಲಾಗದ ತುಂಡೇ ಅದರಲ್ಲಿ ಅಪರೂಪ. ಹಳೆಯವರು ಇದನ್ನು ಬುಗ್ಗೆಯಂತೆ ಹಾರಿಹೋಗುವ ಮನೆಯೆಂದು ಹಾಸ್ಯ ಮಾಡಿದರೂ ಅದು ಗಾಳಿ ಮಳೆಗೆ ನಿಂತಿತು.

ಇಂಥ ಚೌಕಟ್ಟಿನಲ್ಲಿ ಒಂದೇ ಅಳತೆಯ ತುಂಡುಗಳು ನೂರಾರು. ಅವನ್ನು ನಿವೇಶನದಲ್ಲಿ ನಿಂತು ಒಬ್ಬ ಬಡಗಿ ಒಂದೊಂದಾಗಿ ಅಳೆದು, ಗೆರೆ ಎಳೆದು, ಗರಗಸದಿಂದ ಕೊಯ್ಯುವುದಕ್ಕೂ, ಗಿರಣಿಯಲ್ಲಿ ಯಂತ್ರ ಒಂದೇ ಸಮನೆ ಕೊಯ್ದು ಹಾಕುವುದಕ್ಕೂ ಎಷ್ಟು ವ್ಯತ್ಯಾಸ! ಸಿಯರ್ಸ್ ಸಂಸ್ಥೆಯ ಲೆಕ್ಕದಂತೆ, ಒಂದು ಮನೆಯನ್ನು ಹಳೆಯ ರೀತಿಯಲ್ಲಿ ಕಟ್ಟಲು ಬಡಗಿಗೆ 583 ಗಂಟೆಗಳ ಕೆಲಸವಿದ್ದರೆ, ಕತ್ತರಿಸಿ ಬಂದ ಮರದಿಂದ ಕಟ್ಟಲು 352 ಗಂಟೆ ಸಾಕು. ನೂರಕ್ಕೆ ನಲವತ್ತರಷ್ಟು ಉಳಿತಾಯ. ಮಾರುವವರ ಲೆಕ್ಕ ಎಂದು ಸ್ವಲ್ಪ ಕಡಮೆ ಮಾಡಿಕೊಂಡರೂ ಉಳಿತಾಯ ಸಣ್ಣದಲ್ಲ. ಮೇಲಾಗಿ, ಗಿರಣಿಯಲ್ಲಿ ಒಂದು ಮನೆಯಿಂದ ಮಿಕ್ಕ ತುಂಡು ಇನ್ನೊಂದು ಮನೆಗೆ ಉಪಯೋಗವಾಗುತ್ತದೆ. ನಿವೇಶನದಲ್ಲಿ ಮಿಕ್ಕರೆ ಒಲೆಗೆ ಹೋಗುತ್ತದೆ. ಒಲೆಗೆ ಹೋಗುವ ಮರಕ್ಕೆ ರೈಲಿನ ಬಾಡಿಗೆಯನ್ನೂ ಕೊಡಬೇಕಾಗುತ್ತದೆ.

ಹೀಗೆ ಅಗ್ಗಕ್ಕೆ ಎರಡು ಕಾಲುಗಳಿದ್ದವು. ಒಂದು, ಅಳತೆಯನ್ನು ಮೊದಲೇ ನಿಶ್ಚಯಿಸಿದುದು. ಎರಡು, ಜೋಡಿಸುವ ಕೆಲಸವನ್ನು ಮನೆಯ ಯಜಮಾನನ ಕೈಗೆ ಎಟಕುವಂತೆ ಮಾಡಿದುದು. ಎರಡೂ ಸರಿಯಾಗಿದ್ದಷ್ಟು ಕಾಲ ಮನೆ ನೇರವಾಗಿ ನಿಂತಿತು.

ಸಂಖ್ಯೆ ತಪ್ಪಿದರೆ

ಅಳತೆ ಮತ್ತು ಸಂಖ್ಯೆಗಳ ಮೇಲೆ ನಿಂತ ಮನೆಯನ್ನು ಕಂಡು ಜನ ನಗದಿರುವರೆ? ಮೂಕಚಿತ್ರಗಳ ಕಾಲದ ಹಾಸ್ಯನಟ ಬಸ್ಟರ್ ಕೀಟನ್ 1920ರಲ್ಲಿ 'ಒನ್ ವೀಕ್' ಎಂಬ ಕಿರುಚಿತ್ರವನ್ನು ಮಾಡಿದ. ಹೊಸದಾಗಿ ಮದುವೆಯಾದ ದಂಪತಿಗಳಿಗೆ ಮಾವನೊಬ್ಬ ಒಂದು ನಿವೇಶನವನ್ನೂ ಪೆಟ್ಟಿಗೆಗಳಲ್ಲಿ ತುಂಬಿದ ಮನೆಯನ್ನೂ ಉಡುಗೊರೆಯಾಗಿ ಕೊಡುತ್ತಾನೆ. ಆ ಹುಡುಗಿಯನ್ನು ಬಯಸಿ ನಿರಾಶನಾದ ಇನ್ನೊಬ್ಬ, ಹೊಟ್ಟೆಯುರಿಯಿಂದ ಪೆಟ್ಟಿಗೆಗಳ ಮೇಲಿನ ಸಂಖ್ಯೆಗಳನ್ನು ಬದಲಾಯಿಸಿಬಿಡುತ್ತಾನೆ. ನಾಯಕ ಪುಸ್ತಕದಲ್ಲಿದ್ದಂತೆ ನಿಷ್ಠೆಯಿಂದ ಕಟ್ಟುತ್ತಾನೆ. ಮನೆ ಏಳುತ್ತದೆ: ಸೊಟ್ಟ ಗೋಡೆ, ಓರೆ ಕಿಟಕಿ, ಆಕಾಶಕ್ಕೆ ತೆರೆಯುವ ಬಾಗಿಲು. ಗೃಹಪ್ರವೇಶದ ದಿನ ಬಿರುಗಾಳಿ ಬೀಸಿ ಮನೆ ಬುಗುರಿಯಂತೆ ತಿರುಗುತ್ತದೆ. ಕೊನೆಗೆ, ಕಟ್ಟಿದ ನಿವೇಶನವೇ ತಮ್ಮದಲ್ಲವೆಂದು ಗೊತ್ತಾಗುತ್ತದೆ. ಮನೆಯನ್ನು ಎಳೆದುಕೊಂಡು ಹೋಗುವಾಗ ಅದು ರೈಲುಹಳಿಯ ಮೇಲೆ ಸಿಕ್ಕಿಕೊಳ್ಳುತ್ತದೆ. ರೈಲು ಬರುತ್ತದೆ, ಪಕ್ಕದ ಹಳಿಯ ಮೇಲೆ ಹಾದುಹೋಗುತ್ತದೆ. ದಂಪತಿಗಳು ನಿಟ್ಟುಸಿರುಬಿಡುವಷ್ಟರಲ್ಲಿ ಎದುರು ದಿಕ್ಕಿನಿಂದ ಇನ್ನೊಂದು ರೈಲು ಬಂದು ಮನೆಯನ್ನು ಪುಡಿಪುಡಿ ಮಾಡುತ್ತದೆ. ನಾಯಕ ಆ ರಾಶಿಯ ಮೇಲೆ 'ಮಾರಾಟಕ್ಕಿದೆ' ಎಂಬ ಹಲಗೆಯನ್ನು ನೆಟ್ಟು, ಕಟ್ಟುವ ವಿಧಾನದ ಕಾಗದವನ್ನೂ ಅದಕ್ಕೆ ಸಿಕ್ಕಿಸಿ, ಹೆಂಡತಿಯ ಕೈಹಿಡಿದು ನಡೆಯುತ್ತಾನೆ.

ನಗುವುದಕ್ಕೆ ಮಾಡಿದ ಚಿತ್ರವಾದರೂ ಅದರಲ್ಲಿ ಎರಡು ನಿಜಗಳಿವೆ. ಪುಸ್ತಕದಂತೆ ಕಟ್ಟುವವನಿಗೆ, ತಪ್ಪು ಎಲ್ಲಿದೆಯೆಂದು ಕೆಲಸದ ನಡುವೆ ತಿಳಿಯುವುದು ಕಷ್ಟ. ನುರಿತ ಬಡಗಿಯ ಕಣ್ಣು ಅವನಿಗಿಲ್ಲ. ಇನ್ನು ಮನೆ ಎಷ್ಟು ಚೆನ್ನಾಗಿದ್ದರೇನು, ನಿಂತ ನೆಲ ತನ್ನದಾಗಿರಬೇಕು.

ಬೋಗಿಯಲ್ಲಿ ಬಾರದ ವಸ್ತುಗಳು

ಮೂವತ್ತು ಸಾವಿರ ತುಂಡುಗಳು ಬಂದರೂ ಕೆಲವು ವಸ್ತುಗಳು ಬರುತ್ತಿರಲಿಲ್ಲ. ನೆಲ ಬರುತ್ತಿರಲಿಲ್ಲ. ಇಟ್ಟಿಗೆ, ಸಿಮೆಂಟು, ಕಲ್ಲು ಬರುತ್ತಿರಲಿಲ್ಲ. ಅವುಗಳ ತೂಕಕ್ಕೆ ರೈಲಿನ ಬಾಡಿಗೆ ಕೊಡುವುದಕ್ಕಿಂತ ಊರಿನಲ್ಲಿಯೇ ಕೊಳ್ಳುವುದು ಮೇಲು. ಎಂದರೆ ತಳಪಾಯದ ಹೊಣೆ ಪೂರ್ತಿಯಾಗಿ ಕೊಂಡವನದು. ಕತ್ತರಿಸಿ ಬಂದ ಮರಕ್ಕೆ ತಳಪಾಯ ಒಂದಂಗುಲ ಸೊಟ್ಟಗಾದರೂ ಆಗದು. ಸಾಮಾನ್ಯ ಮನೆಯಲ್ಲಾದರೆ ಬಡಗಿ ಮರವನ್ನು ಸ್ವಲ್ಪ ಕೊಯ್ದು ಸರಿಮಾಡಿಯಾನು, ಇಲ್ಲಿ ತಪ್ಪು ಚಾವಣಿಯವರೆಗೂ ಏರುತ್ತದೆ. ನೀರಿನ ಕೊಳವೆ, ಮನೆಯನ್ನು ಬೆಚ್ಚಗಿಡುವ ಒಲೆ, ವಿದ್ಯುತ್ತಿನ ತಂತಿ, ಇವಕ್ಕೆ ಬೇರೆ ಬೆಲೆ. ಅಗ್ಗದ ಕೆಲವು ಮನೆಗಳಲ್ಲಿ ಸ್ನಾನದ ಕೋಣೆಯೇ ಇರಲಿಲ್ಲ. ಕೂಲಿಯಂತೂ ಲೆಕ್ಕಕ್ಕೆ ಸೇರಿರಲಿಲ್ಲ. ಹೀಗೆ 650 ಡಾಲರಿನ ಮನೆ ನಿಜವಾಗಿ ಎದ್ದು ನಿಲ್ಲುವ ಹೊತ್ತಿಗೆ ಬಹಳಷ್ಟು ದೊಡ್ಡ ಮೊತ್ತವಾಗುತ್ತಿತ್ತು.

ಆ ಮೊತ್ತವನ್ನು ತುಂಬಲು ಸಂಸ್ಥೆಯೇ ದಾರಿ ತೋರಿಸಿತು. 1911ರಲ್ಲಿ ಅದು ಮನೆ ಕೊಳ್ಳುವವರಿಗೆ ಸಾಲ ಕೊಡಲಾರಂಭಿಸಿತು. ನೂರಕ್ಕೆ ಆರೇಳರ ಬಡ್ಡಿ. ಐದರಿಂದ ಹದಿನೈದು ವರ್ಷಗಳ ಕಂತು. ಬ್ಯಾಂಕಿನ ಬಾಗಿಲನ್ನೇ ಕಾಣದ ದುಡಿಮೆಗಾರರಿಗೂ ಇದರಿಂದ ಮನೆ ಸಿಕ್ಕಿತು. ಮಾರುವವನೇ ಸಾಲ ಕೊಡುವಾಗ ಸಣ್ಣ ಮನೆಗೆ ಹೋದವನು ದೊಡ್ಡ ಮನೆಯನ್ನು ಆರಿಸಿಕೊಂಡು ಬರುವುದೂ ಸುಲಭ. ವ್ಯಾಪಾರ ಬೆಳೆಯಿತು, 1929ರಲ್ಲಿ ಶಿಖರಕ್ಕೆ ಮುಟ್ಟಿತು.

ಅದೇ ವರ್ಷದ ಕೊನೆಯಲ್ಲಿ ಅಮೆರಿಕದ ಷೇರುಪೇಟೆ ಕುಸಿಯಿತು. ಕಾರ್ಖಾನೆಗಳು ಮುಚ್ಚಿದವು, ದುಡಿಯುವ ಕೈಗಳಿಗೆ ಕೆಲಸವಿಲ್ಲದಾಯಿತು, ಕಂತುಗಳು ನಿಂತವು. ಸಾಲಕ್ಕೆ ಮನೆಯೇ ಆಧಾರವಾಗಿದ್ದುದರಿಂದ, ಮನೆ ಮಾರಿದ ಸಂಸ್ಥೆಯೇ ತನ್ನ ಗಿರಾಕಿಗಳನ್ನು ಮನೆಯಿಂದ ಹೊರಡಿಸಬೇಕಾದ ಸ್ಥಿತಿ ಬಂದಿತು. ಮೊಳೆ ಮೊಳೆಯನ್ನೂ ತನ್ನ ಕೈಯಿಂದಲೇ ಹೊಡೆದ ಮನೆಯನ್ನು ಬಿಟ್ಟು ಮಕ್ಕಳೊಡನೆ ಬೀದಿಗೆ ಇಳಿದವನ ಸಂಕಟವನ್ನು ಯಾವ ಬೆಲೆಪಟ್ಟಿ ಹೇಳೀತು? ಸಂಸ್ಥೆ 1933ರಲ್ಲಿ ಸಾಲ ಕೊಡುವುದನ್ನು ನಿಲ್ಲಿಸಿತು. 1934ರಲ್ಲಿ 110 ಲಕ್ಷ ಡಾಲರುಗಳ ಸಾಲದ ಪತ್ರಗಳನ್ನು ತೀರಿಸಿ ಕೈತೊಳೆದುಕೊಂಡಿತು. ಸಾಲವಿಲ್ಲದೆ ಮನೆಗಳ ಮಾರಾಟವೂ ಕುಂಟಿತು. 1940ರಲ್ಲಿ ಆ ವ್ಯಾಪಾರವೇ ಮುಗಿಯಿತು.

ಆದರೆ ಮನೆಗಳು ಮುಗಿಯಲಿಲ್ಲ. ಇಲಿನಾಯ್ ಸಂಸ್ಥಾನದ ಕಾರ್ಲಿನ್‌ವಿಲ್ ಎಂಬ ಊರಿನಲ್ಲಿ ಒಂದು ಎಣ್ಣೆಯ ಕಂಪೆನಿ ತನ್ನ ಕಲ್ಲಿದ್ದಲ ಗಣಿಯ ಕೆಲಸಗಾರರಿಗಾಗಿ 1918ರ ಸುಮಾರಿನಲ್ಲಿ ಸಿಯರ್ಸಿನಿಂದ 156 ಮನೆಗಳನ್ನು ತರಿಸಿ ಒಂದು ಬಡಾವಣೆಯನ್ನೇ ಕಟ್ಟಿತು. ಗಣಿಗಳು ಕೆಲವೇ ವರ್ಷಗಳಲ್ಲಿ ಮುಚ್ಚಿದವು. ಮನೆಗಳಲ್ಲಿ ಬಹುಪಾಲು ಶತಮಾನವನ್ನು ದಾಟಿ ಇನ್ನೂ ನಿಂತಿವೆ. ಇಂಥ ಮನೆಗಳನ್ನು ಹುಡುಕುವುದೇ ಇಂದು ಅಮೆರಿಕದಲ್ಲಿ ಕೆಲವರಿಗೆ ಹವ್ಯಾಸ. ಸಂಸ್ಥೆಯ ಹಳೆಯ ಕಡತಗಳು ಬಹುಮಟ್ಟಿಗೆ ನಾಶವಾಗಿರುವುದರಿಂದ ಅವರು ಅಟ್ಟ ಹತ್ತಿ, ನೆಲಮಾಳಿಗೆಗೆ ಇಳಿದು, ಮರದ ತುದಿಯ ಅಕ್ಷರ ಸಂಖ್ಯೆಗಳನ್ನು ದೀಪ ಹಿಡಿದು ಹುಡುಕುತ್ತಾರೆ. ಇನ್ನೊಂದು ಸಾಕ್ಷ್ಯ ಸರ್ಕಾರಿ ಕಚೇರಿಗಳಲ್ಲಿರುವ ಹಳೆಯ ಆಧಾರಪತ್ರಗಳ ದಾಖಲೆ. ಸಾಲವನ್ನು ತೀರಿಸಿ ಮನೆಯನ್ನು ಉಳಿಸಿಕೊಂಡವರ ಹೆಸರೂ ಅಲ್ಲಿದೆ. ಕಳೆದುಕೊಂಡವರ ಹೆಸರೂ ಅಲ್ಲಿದೆ.

ಬೆಂಗಳೂರಿನಿಂದ ದೆಹಲಿಗೆ

ನಮ್ಮ ದೇಶದಲ್ಲಿ ಇಂಥ ಪ್ರಯತ್ನ ನಡೆಯಲಿಲ್ಲವೆ ಎಂದು ವಾಚಕರು ಕೇಳಬಹುದು. ನಡೆಯಿತು, ಮೈಸೂರು ಸಂಸ್ಥಾನಕ್ಕೂ ಅದಕ್ಕೂ ಒಂದು ನಂಟುಂಟು. ಹಿಟ್ಲರನ ಕಾಲದಲ್ಲಿ ಜರ್ಮನಿಯನ್ನು ತೊರೆದು ಬಂದ ಓಟ್ಟೊ ಕೋನಿಗ್ಸ್‌ಬರ್ಗರ್ ಎಂಬ ವಾಸ್ತುಶಿಲ್ಪಿ 1939ರಿಂದ ಮೈಸೂರು ಸರ್ಕಾರದ ಮುಖ್ಯ ವಾಸ್ತುಶಿಲ್ಪಿಯಾಗಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಅವರು ರೂಪಿಸಿದ ಕಟ್ಟಡಗಳಿವೆ. ನಮ್ಮ ಬಿಸಿಲು ಗಾಳಿಗಳನ್ನು ಅರಿತು ಕಟ್ಟಿದವರೆಂದು ಅವರಿಗೆ ಹೆಸರಿತ್ತು. ದೇಶ ಸ್ವತಂತ್ರವಾದ ಮೇಲೆ, 1948ರಲ್ಲಿ, ಅವರನ್ನು ಕೇಂದ್ರ ಸರ್ಕಾರ ವಸತಿ ನಿರ್ದೇಶಕರನ್ನಾಗಿ ದೆಹಲಿಗೆ ಕರೆಸಿಕೊಂಡಿತು.

ದೇಶ ಒಡೆದು ಮನೆಮಠಗಳನ್ನು ಕಳೆದುಕೊಂಡ ಲಕ್ಷಾಂತರ ಜನ ಆಗ ದೆಹಲಿಯ ಸುತ್ತ ಡೇರೆಗಳಲ್ಲಿದ್ದರು. ಇಟ್ಟಿಗೆಯ ಮೇಲೆ ಇಟ್ಟಿಗೆ ಇಡುತ್ತ ಅಷ್ಟು ಜನಕ್ಕೆ ಸೂರು ಒದಗಿಸುವುದು ಯಾವಾಗ? ಗೋಡೆಗಳನ್ನೇ ಕಾರ್ಖಾನೆಯಲ್ಲಿ ಎರಕ ಹೊಯ್ದು ತಂದು ನಿಲ್ಲಿಸಿದರೆ ಬೇಗ ಆಗುವುದೆಂದು ಜಂಗಪುರದಲ್ಲಿ ಸರ್ಕಾರಿ ವಸತಿ ಕಾರ್ಖಾನೆಯೊಂದನ್ನು ಕಟ್ಟಿದರು. ಹಗುರವಾಗಿರಲೆಂದು ಗಾಳಿಯ ಗುಳ್ಳೆಗಳು ತುಂಬಿದ ಕಾಂಕ್ರೀಟಿನಿಂದ ಗೋಡೆಯ ಫಲಕಗಳನ್ನು ಮಾಡುವ ವಿಧಾನವನ್ನು ವಿದೇಶದಿಂದ ತಂದರು. ಉದ್ದೇಶ ದೊಡ್ಡದು, ಫಲಕಗಳು ಬಿರುಕುಬಿಟ್ಟವು. ಪಾರ್ಲಿಮೆಂಟಿನಲ್ಲಿ ಟೀಕೆ ಎದ್ದಿತು. ಮನೆಗಳ ತಯಾರಿಕೆ ನಿಂತಿತು. 1951ರಲ್ಲಿ ಕೋನಿಗ್ಸ್‌ಬರ್ಗರ್ ಭಾರತವನ್ನು ಬಿಟ್ಟು ಲಂಡನ್ನಿಗೆ ಹೋದರು. ಕಾರ್ಖಾನೆ ಮಾತ್ರ ಹಾಳುಬೀಳಲಿಲ್ಲ. 1953ರ ಬಳಿಕ ಅದು ಹಿಂದೂಸ್ತಾನ್ ಹೌಸಿಂಗ್ ಫ್ಯಾಕ್ಟರಿಯಾಗಿ, 1978ರಿಂದ ಹಿಂದೂಸ್ತಾನ್ ಪ್ರಿಫ್ಯಾಬ್ ಎಂಬ ಹೆಸರಿನಲ್ಲಿ, ಕಾಂಕ್ರೀಟಿನ ತೊಲೆ, ಕಂಬ, ರೈಲುಹಳಿಯ ಅಡಿದಿಮ್ಮಿಗಳಂಥ ಬಿಡಿಭಾಗಗಳನ್ನು ತಯಾರಿಸುತ್ತ ಬೆಳೆಯಿತು.

ಅಮೆರಿಕದಲ್ಲಿ ಫಲಿಸಿದುದು ದೆಹಲಿಯಲ್ಲಿ ಏಕೆ ಫಲಿಸಲಿಲ್ಲ? ಅಲ್ಲಿ ಮರ ಹೇರಳ; ಆ ಪದ್ಧತಿಯಲ್ಲಿ ಜನ ಎಪ್ಪತ್ತು ಎಂಬತ್ತು ವರ್ಷ ಪಳಗಿದ್ದರು; ತುಂಡುಗಳು ಕೈಯಲ್ಲಿ ಎತ್ತುವಷ್ಟು ಹಗುರ. ಇಲ್ಲಿ ವಿಧಾನ ಹೊಸದು, ಫಲಕ ದೊಡ್ಡದು, ಮನೆಯಲ್ಲಿ ವಾಸಿಸಬೇಕಾದವನ ಕೈಗೆ ಅದರಲ್ಲಿ ಯಾವ ಕೆಲಸವೂ ಇರಲಿಲ್ಲ. ಅಲ್ಲಿ ಕೂಲಿ ದುಬಾರಿಯಾದುದರಿಂದ ಕೂಲಿಯಲ್ಲಿ ಉಳಿಸಿದುದೆಲ್ಲ ಲಾಭ. ಇಲ್ಲಿ ಕೂಲಿ ಅಗ್ಗ, ಯಂತ್ರ ದುಬಾರಿ.

ನಮ್ಮ ಮನೆಯ ಲೆಕ್ಕ

ಹಾಗೆಂದು ಈ ವಿಚಾರ ನಮಗೆ ಹೊರಗಿನದೆಂದು ತಳ್ಳಿಹಾಕುವಂತಿಲ್ಲ. ಹತ್ತೊಂಬತ್ತನೆಯ ಶತಮಾನದ ಅರವತ್ತರ ದಶಕದಲ್ಲಿ ಬಾಸೆಲ್ ಮಿಷನ್ನಿನವರು ಆರಂಭಿಸಿದ ಮಂಗಳೂರು ಹೆಂಚನ್ನೇ ನೋಡಿ. ಒಂದೇ ಅಚ್ಚು, ಒಂದೇ ಅಳತೆ. ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಕೂರುತ್ತದೆ. ಬಡಗಿ ಹೆಂಚಿನ ಅಳತೆಯನ್ನು ನೋಡಿಯೇ ರೀಪು ಹೊಡೆಯುತ್ತಾನೆ. ಒಡೆದುದನ್ನು ತೆಗೆದು ಹೊಸದನ್ನು ಕೂಡಿಸಲು ಮನೆಯವರೇ ಸಾಕು. ಮೊದಲೇ ನಿಶ್ಚಯವಾದ ಅಳತೆ, ಮನೆಯವರ ಕೈಗೆ ಎಟಕುವ ಕೆಲಸ: ಎರಡೂ ಇಲ್ಲಿವೆ.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ 'ಅಸ್ತ್ರ' ಎಂಬ ವಿಭಾಗ ಇನ್ನೊಂದು ದಾರಿಯನ್ನು ತೋರಿಸಿತು. ನಿವೇಶನದ ಮಣ್ಣಿಗೆ ಅಗತ್ಯವಿದ್ದಷ್ಟು ಮರಳನ್ನೂ, ನೂರಕ್ಕೆ ಸುಮಾರು 7 ಭಾಗ ಸಿಮೆಂಟನ್ನೂ ಬೆರಸಿ, ಕೈಯಿಂದ ಒತ್ತುವ ಯಂತ್ರದಲ್ಲಿ ಅದುಮಿದರೆ ಗಟ್ಟಿಯಾದ ಇಟ್ಟಿಗೆ ಸಿದ್ಧ. ಗೂಡಿನಲ್ಲಿ ಸುಡಬೇಕಾಗಿಲ್ಲ, ಸುಮಾರು ಮೂರು ವಾರ ತೇವವಾಗಿಟ್ಟರೆ ಸಾಕು. ಇಲ್ಲಿ ಕಾರ್ಖಾನೆಯೇ ನಿವೇಶನಕ್ಕೆ ಬರುತ್ತದೆ; ದೂರದಿಂದ ಹೊರುವ ಬಾಡಿಗೆ ಇಲ್ಲ. ಬೆಂಗಳೂರಿನಲ್ಲಿ ಈ ಬಗೆಯ ಗೋಡೆಗಳ ಮನೆಗಳು ಈಗ ಅಪರೂಪವಲ್ಲ.

ಇಂದು ಕಡಮೆ ಹಣದಲ್ಲಿ ಮನೆ ಕಟ್ಟುವ ಗೃಹಸ್ಥ ಸಿಯರ್ಸಿನ ಕಥೆಯಿಂದ ಕಲಿಯಬಹುದಾದುದು ನಾಲ್ಕು ಸಂಗತಿಗಳು.

ಮೊದಲನೆಯದು, ಸಾಮಾನಿನ ಅಳತೆಗೆ ನಕ್ಷೆಯನ್ನು ಹೊಂದಿಸುವುದು. ನಮ್ಮಲ್ಲಿ ಕಬ್ಬಿಣದ ಸರಳು 12 ಮೀಟರ್ ಉದ್ದದಲ್ಲಿ ಬರುತ್ತದೆ. ಪ್ಲೈವುಡ್ಡಿನ ಹಲಗೆ ಎಂಟಡಿಗೆ ನಾಲ್ಕಡಿ. ಇಟ್ಟಿಗೆಗೂ ಬಾಗಿಲಿಗೂ ಗೊತ್ತಾದ ಅಳತೆಗಳಿವೆ. ಕೋಣೆಯ ಉದ್ದಗಲಗಳನ್ನು ಅವಕ್ಕೆ ಹೊಂದಿಸಿದರೆ ಕೊಯ್ದು ಬಿಸಾಡುವುದು ಕಡಮೆ. ಗೋಡೆ ಎದ್ದ ಮೇಲೆ ಕಿಟಕಿಯ ಜಾಗವನ್ನು ಬದಲಾಯಿಸುವಷ್ಟು ದುಬಾರಿಯಾದ ಯೋಚನೆ ಇನ್ನೊಂದಿಲ್ಲ. ಕಾಗದದ ಮೇಲೆ ಗೆರೆಯನ್ನು ಅಳಿಸಲು ಖರ್ಚಿಲ್ಲ.

ಎರಡನೆಯದು, ಸಿದ್ಧಮನೆ ಮಾರುವವರನ್ನು ಏನೇನು ಕೊಡುತ್ತೀರಿ ಎಂದು ಕೇಳುವುದಕ್ಕಿಂತ ಏನೇನು ಕೊಡುವುದಿಲ್ಲ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯುವುದು. ತಳಪಾಯ, ಸಾಗಣೆ, ಭಾರ ಎತ್ತುವ ಯಂತ್ರದ ಬಾಡಿಗೆ, ನೀರು, ಚರಂಡಿ, ವಿದ್ಯುತ್ತು: ಇವುಗಳಲ್ಲಿ ಯಾವುದು ಬೆಲೆಯೊಳಗೆ, ಯಾವುದು ಹೊರಗೆ? ದೊಡ್ಡ ಫಲಕಗಳನ್ನು ಹೊತ್ತ ಲಾರಿ ನಿಮ್ಮ ಬೀದಿಯ ತಿರುವಿನಲ್ಲಿ ತಿರುಗೀತೆ? ಈ ಕೊನೆಯ ಪ್ರಶ್ನೆಯನ್ನು ಹಣ ಕೊಡುವ ಮುಂಚೆಯೇ ಕೇಳಬೇಕು.

ಮೂರನೆಯದು, ತನ್ನ ಕೈಯ ಮಿತಿಯನ್ನು ಅರಿಯುವುದು. ಸಾಮಾನು ಎಣಿಸಿ ತೆಗೆದುಕೊಳ್ಳುವುದು, ಲೆಕ್ಕ ಬರೆಯುವುದು, ಬಣ್ಣ ಬಳಿಯುವುದು, ತೋಟದ ಬೇಲಿ ಹಾಕುವುದು ಮನೆಯವರು ಮಾಡಬಹುದಾದ ಕೆಲಸಗಳು. ಕಾಂಕ್ರೀಟಿಗೆ ನೀರುಣಿಸುವುದನ್ನಂತೂ ಮನೆಯವರೇ ಮಾಡುವುದು ಲೇಸು. ಸಾಮಾನ್ಯ ಸಿಮೆಂಟಿಗೆ ಕನಿಷ್ಠ ಏಳು ದಿನ, ಬೂದಿ ಬೆರೆತ ಸಿಮೆಂಟಿಗೂ ಬಿಸಿಲಿನ ಕಾಲಕ್ಕೂ ಹತ್ತು ದಿನವಾದರೂ ಅದು ಒಣಗದಂತೆ ನೋಡಿಕೊಳ್ಳಬೇಕು. ಅದರಲ್ಲಿ ಉದಾಸೀನ ಮಾಡಿದರೆ ಒಳ್ಳೆಯ ಸಿಮೆಂಟೂ ದುರ್ಬಲವಾಗುತ್ತದೆ. ಆದರೆ ತಳಪಾಯ, ತೊಲೆ, ಚಾವಣಿ, ವಿದ್ಯುತ್ತಿನ ತಂತಿ, ಇವು ಬಲ್ಲವರ ಕೈಯಲ್ಲಿಯೇ ಇರಬೇಕು. ಅಲ್ಲಿ ಉಳಿಸಿದ ಕೂಲಿ ಉಳಿತಾಯವಲ್ಲ.

ನಾಲ್ಕನೆಯದು ಸಾಲದ ಮಾತು. ಮನೆಗಾಗಿ ಸಾಲ ಮಾಡುವುದು ತಪ್ಪಲ್ಲ. ಸಾಲವಿಲ್ಲದೆ ಮನೆ ಕಟ್ಟುವ ಭಾಗ್ಯ ನಮ್ಮಲ್ಲಿ ಎಷ್ಟು ಮಂದಿಗೆ ಇದೆ? ಆದರೆ ಮನೆಯ ಅಳತೆಯನ್ನು ಸಾಲ ನಿಶ್ಚಯಿಸಬಾರದು. ಸಂಪಾದನೆ ಆರು ತಿಂಗಳು ನಿಂತರೂ ಕಂತು ನಿಲ್ಲದಷ್ಟು ಹಣವನ್ನು ಬೇರೆಯಾಗಿ ಇಟ್ಟು, ಮಿಕ್ಕುದರಲ್ಲಿ ಎಷ್ಟು ಮನೆ ಏಳುವುದೋ ಅಷ್ಟನ್ನೇ ಕಟ್ಟುವುದು ಲೇಸು. ಇನ್ನೊಂದು ಕೋಣೆಯನ್ನು ಮುಂದೆ ಸೇರಿಸಲು ಬರುವಂತೆ ನಕ್ಷೆಯಲ್ಲಿ ಜಾಗ ಬಿಟ್ಟರಾಯಿತು. ಅಳತೆ ಮೊದಲೇ ಸರಿಯಾಗಿದ್ದರೆ ಆ ಕೋಣೆ ಹತ್ತು ವರ್ಷ ತಡವಾಗಿ ಬಂದರೂ ಹಳೆಯ ಗೋಡೆಗೆ ಹೊಂದಿಕೊಂಡು ನಿಲ್ಲುತ್ತದೆ.